ಬೆವರದ ಮಗು

ಮೇ ತಿಂಗಳ ರಾಯಚೂರಿನಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮಧ್ಯಾಹ್ನವದು. ಎರಡು ವರ್ಷದ ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ತಾಯಿ ಬಂದಳು. ಮೈ ಕೆಂಡದಂತೆ ಸುಡುತ್ತಿತ್ತು. ಮೂರು ತಿಂಗಳಲ್ಲಿ ನಾಲ್ಕು ಸಲ ಆ್ಯಂಟಿಬಯಾಟಿಕ್ ಕೊಟ್ಟಾಗಿತ್ತು. ರಕ್ತ, ಮೂತ್ರ ಪರೀಕ್ಷೆಗಳಲ್ಲಿ ಏನೂ ಸಿಕ್ಕಿರಲಿಲ್ಲ. "ಔಷಧಿಗೆ ಜ್ವರ ಬಗ್ಗುವುದಿಲ್ಲ ಮೇಡಂ, ನೀರಿನಲ್ಲಿ ಕೂರಿಸಿದರೆ ಇಳಿಯುತ್ತದೆ" ಎಂದಳು.

ಆ ಮಾತು ಕೇಳಿಯೇ ನಾನು ಮಗುವಿನ ಅಂಗಿ ಬಿಚ್ಚಿಸಿದ್ದು. ಅಷ್ಟು ಸೆಖೆಯಲ್ಲೂ ಬೆನ್ನು ಒಣಒಣ. ತಲೆಯಲ್ಲಿ ನಾಲ್ಕೆಳೆ ತೆಳುಕೂದಲು, ಹುಬ್ಬು ಇಲ್ಲವೆಂಬಷ್ಟು ವಿರಳ. ತುಟಿ ಸರಿಸಿದರೆ ಎರಡೇ ಹಲ್ಲು, ಮೊಳೆಯಂತೆ ಚೂಪು. ಬೆರಳ ತುದಿಯನ್ನು, ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪಿನ ಅಡಿ ಹಿಡಿದೆ: ಗೆರೆಗಳ ಮೇಲೆ ಸಾಲಾಗಿ ಕಾಣಬೇಕಾದ ಬೆವರಿನ ರಂಧ್ರಗಳೇ ಇಲ್ಲ. ಬೆವರುಗ್ರಂಥಿಗಳೇ ಸರಿಯಾಗಿ ಬೆಳೆಯದ ಹುಟ್ಟುಕಾಯಿಲೆ, ಹೈಪೊಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯ. ಕೂದಲು, ಹಲ್ಲಿನ ಎನಾಮಲ್, ಬೆವರುಗ್ರಂಥಿ ಎಲ್ಲವೂ ಭ್ರೂಣದ ಹೊರಪದರದಿಂದಲೇ ಮೂಡುತ್ತವೆ. ಎಕ್ಸ್ ಕ್ರೋಮೋಸೋಮಿನಲ್ಲಿರುವ ಇಡಿಎ ಜೀನ್ ಕೆಟ್ಟರೆ ಎಲ್ಲವೂ ಒಟ್ಟಿಗೆ ಸೊರಗುತ್ತವೆ. ಬೆವರಿಲ್ಲದ ಮೈ ಸೆಖೆಯಲ್ಲಿ ತಣಿಯದೆ ಕಾಯುತ್ತದೆ; ಅದೇ ಈ ಜ್ವರ. ಸಿಂಧ್ ಪ್ರಾಂತದ ಇಂಥದೇ ಕುಟುಂಬವೊಂದನ್ನು, ಗಂಡಸರಲ್ಲಷ್ಟೇ ಕಾಣಿಸಿದ ಇದೇ ತೊಂದರೆಯನ್ನು, ಡಾರ್ವಿನ್ 1875ರಲ್ಲೇ ದಾಖಲಿಸಿದ್ದ.

ತಾಯಿ ಮಾತಾಡುವಾಗ ಅವಳ ಮುಂಬದಿಯ ಒಂದು ಹಲ್ಲೂ ಚೂಪಾಗಿರುವುದು ಕಂಡಿತು. ಅವಳ ಒಪ್ಪಿಗೆ ಪಡೆದು ಬೆನ್ನಿಗೆ ಅಯೋಡಿನ್ ಬಳಿದು, ಒಣಗಿದ ಮೇಲೆ ಕಾರ್ನ್‌ಫ್ಲೋರ್ ಉದುರಿಸಿ, ಫ್ಯಾನ್ ಆರಿಸಿದೆವು. ಬೆವರು ತಾಗಿದಲ್ಲಿ ಹಿಟ್ಟು ಕಡುನೀಲಿಗೆ ತಿರುಗುತ್ತದೆ. ತುಸು ಹೊತ್ತಿಗೆ ಬೆನ್ನೆಲುಬಿನ ಎರಡೂ ಬದಿಗೆ ನೀಲಿ ಪಟ್ಟೆಗಳೆದ್ದವು. ನಡುನಡುವೆ ಬೆವರದ ಖಾಲಿ ಪಟ್ಟೆಗಳು. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದಷ್ಟೇ ಕೆಲಸ ಮಾಡುವುದರಿಂದ ಹೀಗೆ: ಕೆಟ್ಟ ಜೀನಿನ ಎಕ್ಸ್ ಕೆಲಸ ಮಾಡುವ ಕಡೆ ಬೆವರಿಲ್ಲ. ಅವಳ ಒಂದು ಎಕ್ಸ್‌ನಲ್ಲಿ ಆ ಜೀನ್ ಕೆಟ್ಟಿದೆಯೆಂದು ರಕ್ತದ ಜೀನ್ ಪರೀಕ್ಷೆಯೂ ಆಮೇಲೆ ಹೇಳಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಇದು ತಾಯಿಯಿಂದ ಬಂದದ್ದೆಂದು ಅವಳೊಬ್ಬಳಿಗೇ ಹೇಳಿಬಿಟ್ಟೆ. "ಹಾಗಾದರೆ ನನ್ನಿಂದಲೇ" ಎಂದವಳು ಮತ್ತೆ ತಲೆಯೆತ್ತಲಿಲ್ಲ. ಮರುದಿನ ಗಂಡ, ಅತ್ತೆ ಇಬ್ಬರನ್ನೂ ಕರೆಸಿ ಕೂರಿಸಿ, ಜೀನ್ ಯಾರೂ ಆರಿಸಿ ಕೊಡುವುದಲ್ಲ ಎಂದು ಬಿಡಿಸಿ ಹೇಳಿದೆ. ಮುಂದಿನ ಪ್ರತಿ ಬಸಿರಿನಲ್ಲೂ ಗಂಡುಮಗುವಾದರೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂಬುದನ್ನೂ ಮುಚ್ಚಿಡಲಿಲ್ಲ. ಅಂದಿನಿಂದ ಇಂಥ ಸುದ್ದಿಯನ್ನು ತಾಯಿಯೊಬ್ಬಳ ಮಡಿಲಿಗೆ ಹಾಕುವುದಿಲ್ಲ.

ಚಿಕಿತ್ಸೆಯೆಂದರೆ ಬಹುಪಾಲು ನೀರು. ಒದ್ದೆ ಮಾಡಿದ ಹತ್ತಿ ಬನಿಯನ್, ಕೈಯಲ್ಲೊಂದು ನೀರಿನ ಸ್ಪ್ರೇ ಬಾಟಲಿ, ಬಿಸಿಲೇರಿದ ಮೇಲೆ ಹೊರಗೆ ಆಟವಿಲ್ಲ. ಒಣಗಿ ಹೆಕ್ಕಳೆಗಟ್ಟುವ ಮೂಗಿಗೆ ಸಲೈನ್ ಹನಿ, ಕಣ್ಣಿಗೂ ಹನಿ. ನೀರಿಗೂ ಇಳಿಯದ ಜ್ವರ ಬಂದರೆ ಸೋಂಕು ಇರಬಹುದೆಂದು ಕೂಡಲೇ ಕರೆತರಬೇಕು. ಮೂರೂವರೆ ವರ್ಷಕ್ಕೆ ದಂತವೈದ್ಯರು ಪುಟ್ಟ ಕಟ್ಟಿಸಿದ ಹಲ್ಲು ಕೂರಿಸಿದರು. ಮುಂದಿನ ಭೇಟಿಗೆ ಅವನು ಬಂದಾಗ ಕೈಯಲ್ಲಿ ಕಚ್ಚಿದ ಗುರುತಿದ್ದ ಜೋಳದ ರೊಟ್ಟಿಯ ತುಂಡಿತ್ತು.