ಸಾಫ್ಟ್‌ವೇರ್‌ಗೆ ಮೊದಲು ಒಂದು ಹಾಳೆಯ ಲೆಕ್ಕ

ಹೊಲಕ್ಕೆ ಹೊಡೆದ ಕೀಟನಾಶಕ ಅಂತರ್ಜಲ ಸೇರುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಲು ಕುಳಿತಾಗಲೆಲ್ಲ ನಾನು ಮೊದಲು ಪೆನ್ಸಿಲ್ ಹಿಡಿಯುತ್ತೇನೆ. ಈ ಅಭ್ಯಾಸ ಪೆಟ್ಟು ತಿಂದು ಬಂದದ್ದು.

ಹೆಕ್ಟೇರಿಗೆ 1 ಕಿಲೋ ಎಂದರೆ ಚದರ ಮೀಟರಿಗೆ 100 ಮಿಲಿಗ್ರಾಂ. ವರ್ಷಕ್ಕೆ 250 ಮಿಲಿಮೀಟರ್ ನೀರು ಬೇರುಗಳನ್ನು ದಾಟಿ ಇಳಿಯುತ್ತದೆ ಎನ್ನಿ. ಅದೇ ಚದರ ಮೀಟರಿಗೆ 250 ಲೀಟರ್. ಯುರೋಪಿನ ಕುಡಿಯುವ ನೀರಿನ ಮಿತಿ ಲೀಟರಿಗೆ 0.1 ಮೈಕ್ರೋಗ್ರಾಂ. ಹಾಗಾದರೆ 25 ಮೈಕ್ರೋಗ್ರಾಂ, ಅಂದರೆ ಹಾಕಿದ್ದರಲ್ಲಿ ನಾಲ್ಕು ಸಾವಿರದಲ್ಲಿ ಒಂದು ಪಾಲು ಇಳಿದರೂ ಮಿತಿ ಮುಟ್ಟಿತು. ಅಷ್ಟು ಕಡಿಮೆಯಾಗಬೇಕಾದರೆ ಔಷಧ ಸುಮಾರು 12 ಬಾರಿ ಅರ್ಧವಾಗಬೇಕು. ಈ 12 ಅನ್ನು ಹಾಳೆಯ ಮೂಲೆಯಲ್ಲಿ ಬರೆದಿಡಿ.

ಮುಂದೆ ಮಣ್ಣು. ಔಷಧ ಸಾವಯವ ಇಂಗಾಲಕ್ಕೆ ಎಷ್ಟು ಅಂಟುತ್ತದೆ ಎಂಬುದನ್ನು ಹೇಳುವ ಸಂಖ್ಯೆ ಕೆಒಸಿ. ಅದು 100, ಇಂಗಾಲ ಶೇ. 1 ಇದ್ದರೆ ಅಂಟಿನ ಗುಣಾಂಕ 1. ಇದನ್ನು ಮಣ್ಣಿನ ಸಾಂದ್ರತೆ 1.5ರಿಂದ ಗುಣಿಸಿ, ನೀರಿನ ಪಾಲು 0.25ರಿಂದ ಭಾಗಿಸಿ, ಒಂದು ಕೂಡಿಸಿದರೆ 7. ಅಂದರೆ ಔಷಧ ನೀರಿಗಿಂತ ಏಳು ಪಟ್ಟು ನಿಧಾನ. 250 ಮಿಲಿಮೀಟರ್ ನೀರು ಮಣ್ಣಿನ ಆ 0.25 ಪಾಲನ್ನಷ್ಟೇ ತುಂಬುವುದರಿಂದ ವರ್ಷಕ್ಕೆ ಒಂದು ಮೀಟರ್ ಇಳಿಯುತ್ತದೆ; ಆ ಒಂದು ಮೀಟರಿಗೆ ಔಷಧಕ್ಕೆ ಏಳು ವರ್ಷ ಬೇಕು. ಅರ್ಧಾಯುಷ್ಯ, ಅಂದರೆ ಔಷಧ ಒಮ್ಮೆ ಅರ್ಧವಾಗಲು ಹಿಡಿಯುವ ಕಾಲ, 60 ದಿನವಾದರೆ ಅಷ್ಟರಲ್ಲಿ 42 ಬಾರಿ ಅರ್ಧವಾಗಿರುತ್ತದೆ. ನಿಶ್ಚಿಂತೆ!

ಈ ನಿಶ್ಚಿಂತೆಯೇ ಮೋಸ. ಇಂಗಾಲ ಇರುವುದು ಮೇಲ್ಮಣ್ಣಿನಲ್ಲಿ. 30 ಸೆಂಟಿಮೀಟರ್ ಕೆಳಗೆ ಅದು ಶೇ. 0.2ಕ್ಕೆ ಇಳಿದರೆ ಆ 7 ಎಂಬುದು 2.2 ಆಗುತ್ತದೆ. ಸೂಕ್ಷ್ಮಜೀವಿಗಳೂ ವಿರಳವಾಗುತ್ತವೆ. ಕೀಟನಾಶಕಗಳನ್ನು ಪರಿಶೀಲಿಸಲು ಯುರೋಪಿನಲ್ಲಿ ಬಳಸುವ ‘ಫೋಕಸ್’ ಎಂಬ ಸಿದ್ಧ ಸನ್ನಿವೇಶಗಳಲ್ಲಿ ವಿಘಟನೆಯ ವೇಗವನ್ನು 30ರಿಂದ 60 ಸೆಂಟಿಮೀಟರ್‌ವರೆಗೆ ಅರ್ಧಕ್ಕೆ, ಅಲ್ಲಿಂದ ಒಂದು ಮೀಟರ್‌ವರೆಗೆ 0.3ಕ್ಕೆ ಇಳಿಸುತ್ತಾರೆ; ಅದರ ಕೆಳಗೆ ಸೊನ್ನೆ. ಪದರ ಪದರವಾಗಿ ಕೂಡಿಸಿ ನೋಡಿ: 42 ಇದ್ದದ್ದು 16 ಆಗುತ್ತದೆ. ಗಡಿ 12. ಜೇಡಿಮಣ್ಣಿನ ಬಿರುಕೋ ಎರೆಹುಳದ ಬಿಲವೋ ಸಿಕ್ಕಿ, ಸಿಂಪಡಿಸಿದ ಮರುದಿನವೇ ದೊಡ್ಡ ಮಳೆ ಬಂದರೆ ಉಳಿದ ಅಂತರವೂ ಹೋಯಿತು.

ಇಷ್ಟಾದ ಮೇಲೆ ಈ ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳಾದ ಪರ್ಲ್ ಅಥವಾ ಪೆಲ್ಮೋ ತೆರೆಯಿರಿ. ಬಿರುಕು ಬಿಡುವ ಮಣ್ಣಾದರೆ ಮ್ಯಾಕ್ರೋ. ನನ್ನ ಮೊದಲ ಪರ್ಲ್ ಫಲಿತಾಂಶ ಶುದ್ಧ ನೀರು. ಎರಡು ದಿನ ಬೀಗಿದೆ. ಆಮೇಲೆ ತಿಳಿಯಿತು, ಪರ್ಲ್ ಕೇಳುವುದು ಇಂಗಾಲದ ಲೆಕ್ಕವನ್ನಲ್ಲ, ಸಾವಯವ ಪದಾರ್ಥದ ಲೆಕ್ಕವನ್ನು. ಕೆಒಸಿಯನ್ನು 1.724ರಿಂದ ಭಾಗಿಸಿ ಕೊಡಬೇಕಿತ್ತು. ನಾನು ಹಾಗೇ ತುಂಬಿ, ಔಷಧವನ್ನು ಮಣ್ಣಿಗೆ ಬೇಕಾದ್ದಕ್ಕಿಂತ ಬಿಗಿಯಾಗಿ ಅಂಟಿಸಿದ್ದೆ.

ಮಳೆ ದಿನವಹಿ ಇರಲಿ. ತಿಂಗಳ ಸರಾಸರಿ ಕೊಟ್ಟರೆ ಆ ದೊಡ್ಡ ಮಳೆಯೇ ಕರಗಿಹೋಗುತ್ತದೆ. ವರ್ಷವರ್ಷವೂ ಹಾಕುವ ಔಷಧಕ್ಕೆ ಫೋಕಸ್ ಕ್ರಮದಲ್ಲಿ 26 ವರ್ಷ ಓಡಿಸಿ ಮೊದಲ ಆರನ್ನು ಬಿಡುತ್ತಾರೆ, ಏಕೆಂದರೆ ಆರಂಭದಲ್ಲಿ ಮಣ್ಣು ಇನ್ನೂ ತುಂಬಿಕೊಳ್ಳುತ್ತಿರುತ್ತದೆ. ಕೊನೆಗೆ ಜಮಾಖರ್ಚು: ಕೊಳೆತದ್ದು, ಆವಿಯಾದದ್ದು, ಕೊಚ್ಚಿಹೋದದ್ದು, ಬೆಳೆ ಹೀರಿದ್ದು, ಮಣ್ಣಲ್ಲಿ ಉಳಿದದ್ದು, ಇಳಿದದ್ದು, ಎಲ್ಲ ಕೂಡಿದರೆ ಹಾಕಿದ್ದಕ್ಕೆ ಸಮನಾಗಬೇಕು. ಆಗದಿದ್ದರೆ ನಕ್ಷೆ ಬಿಡಿಸಬೇಡಿ.

‘ಕೊಳೆತದ್ದು’ ಎಂಬ ಸಾಲನ್ನು ಮಾತ್ರ ಇನ್ನೊಮ್ಮೆ ನೋಡಿ. ಅದರಲ್ಲಿ ಒಂದು ಭಾಗ ಹೊಸ ರಾಸಾಯನಿಕವಾಗಿ ಮಣ್ಣಿನಲ್ಲೇ ಇದೆ, ಹಲವು ಬಾರಿ ಮೂಲಕ್ಕಿಂತ ಕಡಿಮೆ ಅಂಟುವಂಥದ್ದು. ಅದಕ್ಕೆ ಬೇರೆ ಕೆಒಸಿ, ಬೇರೆ ಅರ್ಧಾಯುಷ್ಯ, ಇನ್ನೊಂದು ಹಾಳೆ.