ಬಾಲ್ಕನಿಗೆ ಪತ್ರಾಸ್ ಹಾಕಿಸುವ ಮುನ್ನ

ಬೆಳಗಾವಿಯಲ್ಲಿ ಮೃಗಶಿರಾ ಮಳೆ ಹಿಡಿಯಿತೆಂದರೆ ಪಡುವಣಕ್ಕೆ ಮುಖ ಮಾಡಿದ ಬಾಲ್ಕನಿಗಳ ಪಾಡು ಕೇಳುವಂತಿಲ್ಲ. ಘಟ್ಟದ ಕಡೆಯಿಂದ ಬೀಸುವ ಗಾಳಿ ಮಳೆಯನ್ನು ಅಡ್ಡಡ್ಡವಾಗಿ ತಂದು ಎರಚುತ್ತದೆ. ಒಣಹಾಕಿದ ಬಟ್ಟೆ ವಾರವಾದರೂ ಹಸಿಹಸಿ. ಹೀಗಾಗಿ ಮೇ ಕೊನೆಯ ವಾರದಲ್ಲಿ ಪತ್ರಾಸ್ (ಮಳೆ ತಡೆಯುವ ತಗಡಿನ ಮಾಡು) ಕೂರಿಸುವವರಿಗೆ ಕೈತುಂಬ ಕೆಲಸ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ತಲೆತುಂಬ ತಕರಾರು. ತಿಲಕವಾಡಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರು ವರ್ಷ ನಾನು ಆ ಕುರ್ಚಿಯಲ್ಲಿ ಕುಳಿತಿದ್ದೆ. ಅಂದಚಂದದ ವಿಷಯಕ್ಕೆ ಜಗಳ ತಂದವರು ಇಬ್ಬರೋ ಮೂವರೋ. ಉಳಿದವರೆಲ್ಲ ತಂದದ್ದು ನೀರಿನ ಜಗಳ. ಮೇಲಿನವರ ಪತ್ರಾಸಿನಿಂದ ಸುರಿದ ನೀರು ಕೆಳಗಿನವರ ಕಿಟಕಿಗೆ ಬಡಿಯುತ್ತಿತ್ತು. ಅನುಮತಿ ಕೇಳಲು ಹೊರಟವರು ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಕಾಗದದ ಕಟ್ಟು ಬಿಚ್ಚಿ. ಅದರಲ್ಲಿ ಅಪಾರ್ಟ್‌ಮೆಂಟಿನ ಘೋಷಣಾ ಪತ್ರ (ಯಾವ ಭಾಗ ಯಾರದೆಂದು ಹೇಳುವ ದಾಖಲೆ) ಮತ್ತು ಸಂಘದ ಬೈಲಾ (ನಿಯಮಾವಳಿ) ಇರಬೇಕು; ಇಲ್ಲದಿದ್ದರೆ ಕಾರ್ಯದರ್ಶಿಯಿಂದ ಪ್ರತಿ ಕೇಳಿ ಪಡೆಯಿರಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972ರಂತೆ, ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಚಾವಣಿ, ಮೆಟ್ಟಿಲು ಎಲ್ಲವೂ ಎಲ್ಲರಿಗೂ ಸೇರಿದವು. ಬ್ಯಾಂಕಿನ ಸಾಲ ಪೂರ್ತಿ ತೀರಿಸಿದ್ದರೂ ಮುಖ್ಯ ಗೋಡೆಯ ಹೊರಮೈ ನಿಮ್ಮೊಬ್ಬರದಾಗುವುದಿಲ್ಲ. ‘ನನ್ನ ಮನೆ, ನನ್ನ ಗೋಡೆ’ ಎಂದು ಸಭೆಯಲ್ಲಿ ಮೇಜು ಕುಟ್ಟಿದವರನ್ನು ನಾನು ಕಂಡಿದ್ದೇನೆ. ಘೋಷಣಾ ಪತ್ರದ ಆ ಪುಟ ತೆಗೆದು ತೋರಿಸಿದ ಕೂಡಲೇ ಅವರ ದನಿ ಇಳಿಯುತ್ತಿತ್ತು.

ಆಮೇಲೆ ನಿಮ್ಮ ಕೆಲಸ ಎಷ್ಟು ದೊಡ್ಡದು ಎಂದು ಅಳೆಯಿರಿ. ಪಾರಿವಾಳದ ಬಲೆ, ಕಿಟಕಿಯ ಗ್ರಿಲ್, ಎಸಿಯ ಹೊರ ಪೆಟ್ಟಿಗೆ ಇಂಥವಕ್ಕೆ ಸಾಮಾನ್ಯವಾಗಿ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಸಾಕಾಗುತ್ತದೆ; ನಿಮ್ಮ ಬೈಲಾದಲ್ಲಿ ಹೇಗಿದೆ ನೋಡಿಕೊಳ್ಳಿ. ಗೋಡೆ ಒಡೆಯುವುದು, ಬಾಲ್ಕನಿಗೆ ಇಟ್ಟಿಗೆ ಕಟ್ಟಿ ಕೋಣೆ ಮಾಡಿಕೊಳ್ಳುವುದು, ಗಚ್ಚಿಯ (ತಾರಸಿಯ) ಮೇಲೆ ಶೆಡ್ ಎಬ್ಬಿಸುವುದು ಬೇರೆಯೇ ಮಾತು. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ತಗ್ಗಿಸುವ ಅಥವಾ ಹೊಸ ರಚನೆ ಸೇರಿಸುವ ಕೆಲಸಕ್ಕೆ ಉಳಿದ ಎಲ್ಲ ಮಾಲೀಕರ ಒಪ್ಪಿಗೆ ಮುಂಚಿತವಾಗಿ ಬೇಕೆಂದು ಅದೇ ಅಧಿನಿಯಮ ಹೇಳುತ್ತದೆ. ಬಹುಮತ ಸಾಲದು. ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಪುಣೆಯಲ್ಲಿ ಕುಳಿತವರ ಸಹಿಯೂ ಬೇಕು.

ಈಗ ಅರ್ಜಿ. ‘ಬಾಲ್ಕನಿಗೆ ಪತ್ರಾಸ್ ಹಾಕಿಸಲು ಅನುಮತಿ ನೀಡಬೇಕಾಗಿ ವಿನಂತಿ’ ಎಂಬ ಒಂದೇ ಸಾಲಿನ ಅರ್ಜಿಗಳು ನನ್ನ ಮೇಜಿಗೆ ಎಷ್ಟೋ ಬಂದಿದ್ದವು. ಅವುಗಳಿಗೆ ಉತ್ತರ ಕೊಡುವುದಾದರೂ ಹೇಗೆ? ಪತ್ರಾಸ್ ಎಷ್ಟು ಉದ್ದ, ಗೋಡೆಯಿಂದ ಎಷ್ಟು ಹೊರಚಾಚುತ್ತದೆ, ಯಾವ ಬಣ್ಣ, ಗೋಡೆಗೆ ಎಷ್ಟು ಬೋಲ್ಟ್, ಆ ತೂತುಗಳನ್ನು ಯಾವುದರಿಂದ ಮುಚ್ಚುತ್ತೀರಿ, ಕೆಲಸ ಎಷ್ಟು ದಿನ, ಹಾನಿಯಾದರೆ ಯಾರ ಖರ್ಚು ಇಷ್ಟನ್ನೂ ಬರೆಯಿರಿ. ಮೊಬೈಲಿನಲ್ಲಿ ಬಾಲ್ಕನಿಯ ಫೋಟೊ ತೆಗೆದು ಮುದ್ರಿಸಿ, ಅದರ ಮೇಲೆ ಪೆನ್ನಿನಿಂದ ಪತ್ರಾಸ್ ಗೀಚಿದರೂ ನಡೆದೀತು. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನ ದಾರಿಯನ್ನು ಬಾಣದ ಗುರುತಿನಿಂದ ತೋರಿಸಿ: ಇಳಿಜಾರು ಎತ್ತ ಕಡೆ, ನೀರು ಹಿಡಿದು ಹರಿಸುವ ದೋಣಿ ಎಲ್ಲಿ, ಪೈಪು ಯಾವ ಮೂಲೆಯಲ್ಲಿ ಇಳಿಯುತ್ತದೆ. ಮಳೆ ಬಿದ್ದಾಗ ತಗಡಿನ ಸದ್ದು ಕೆಳಗಿನವರ ನಿದ್ದೆ ಕೆಡಿಸುತ್ತದೆ. ತಗಡಿನ ಬದಲು ಪಾಲಿಕಾರ್ಬೊನೇಟ್ ಹಾಳೆಯಾದರೆ ಅದನ್ನೂ ನಮೂದಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ದಿನಾಂಕಸಹಿತ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಹೆಬ್ಬೆರಳಿನ ಚಿತ್ರವನ್ನು ಅನುಮತಿಯೆಂದು ನಂಬಿಕೊಳ್ಳಬೇಡಿ.

ಅರ್ಜಿ ಕೊಡುವುದಕ್ಕೂ ಮುಂಚೆ ಕೆಳಗಿನ ಮತ್ತು ಪಕ್ಕದ ಮನೆಯವರ ಹತ್ತಿರ ಹೋಗಿ ಬನ್ನಿ. ಚಹಾ ಕುಡಿಯುತ್ತ ‘ಕಾಕಾ, ನಿಮ್ಮ ಕಿಟಕಿಗೆ ನೀರು ಬರದ ಹಾಗೆ ಮಾಡಿಸುತ್ತೇನೆ’ ಎಂದು ಚಿತ್ರ ತೋರಿಸಿ. ನಮ್ಮೂರಿನ ಕಟ್ಟಡಗಳಲ್ಲಿ ಕನ್ನಡದ ಮನೆಯ ಬಾಜೂಕ್ಕೆ ಮರಾಠಿಯ ಮನೆ ಇರುವುದು ಸಾಮಾನ್ಯ. ಓದಲು ಅನುಕೂಲವೆನ್ನಿಸಿದರೆ ಒಪ್ಪಿಗೆ ಪತ್ರದ ಮರಾಠಿ ಪ್ರತಿಯನ್ನೂ ಒಯ್ಯಿರಿ. ಅವರ ಸಹಿ ಅರ್ಜಿಗೆ ಲಗತ್ತಾಗಿದ್ದರೆ ಸಮಿತಿಯ ಪ್ರಶ್ನೆಗಳು ಅಲ್ಲಿಗೇ ಮುಗಿಯುತ್ತವೆ.

ಸಭೆಗೆ ಖುದ್ದಾಗಿ ಹೋಗಿ. ಠರಾವು ನಡಾವಳಿ ಪುಸ್ತಕದಲ್ಲಿ ಬರೆದಾದ ಮೇಲೆ ಅದರ ದೃಢೀಕೃತ ಪ್ರತಿ ಪಡೆಯಿರಿ. ‘ಬಾಯಿಮಾತಿನಲ್ಲಿ ಆಗಿದೆ, ಶುರು ಮಾಡಿ’ ಎನ್ನುವ ಅಧ್ಯಕ್ಷರು ಮುಂದಿನ ಚುನಾವಣೆಯಲ್ಲಿ ಬದಲಾಗಬಹುದು.

ಸಂಘದ ಒಪ್ಪಿಗೆ ಸಿಕ್ಕಿತೆಂದು ಸರ್ಕಾರದ ಒಪ್ಪಿಗೆಯೂ ಸಿಕ್ಕಂತೆ ಅಲ್ಲ. ಕಟ್ಟಡದ ಮಂಜೂರಾದ ನಕ್ಷೆ ಬದಲಾಗುವ ಕೆಲಸವಾದರೆ ಮಹಾನಗರ ಪಾಲಿಕೆಯ ಪರವಾನಗಿ ಬೇಕು. ಕ್ಯಾಂಪ್ ಪ್ರದೇಶ ದಂಡು (ಕಂಟೋನ್ಮೆಂಟ್) ಮಂಡಳಿಗೆ ಸೇರಿದ್ದು. ಅಲ್ಲಿ ಕಂಟೋನ್ಮೆಂಟ್ ಅಧಿನಿಯಮ, 2006 ಅನ್ವಯಿಸುತ್ತದೆ. ಗಚ್ಚಿಯ ಮೇಲೆ ಸೌರಫಲಕ ಹಾಕುವವರಿಗೆ ವಿದ್ಯುತ್ ಕಂಪನಿ ಹೆಸ್ಕಾಂಗೆ ಕೊಡುವ ಸಂಪರ್ಕದ ಅರ್ಜಿ ಬೇರೆ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಮನೆಗೆ 3 ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಗಚ್ಚಿ ಎಲ್ಲರದಾದ್ದರಿಂದ ಸಂಘದ ಠರಾವು ಮೊದಲು, ಫಲಕ ಆಮೇಲೆ. ಲಿಫ್ಟು, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಸಂಘವೇ ಹಾಕಿಸಿದರೆ ಪ್ರತಿ ಕಿಲೋವ್ಯಾಟ್‌ಗೆ 18,000 ರೂಪಾಯಿ. ನನ್ನನ್ನು ಕೇಳಿದರೆ, ಪ್ರತಿಯೊಬ್ಬರೂ ಗಚ್ಚಿಯ ಒಂದೊಂದು ಮೂಲೆಗೆ ಜಗಳಾಡುವ ಬದಲು ಇದೇ ಒಳ್ಳೆಯ ದಾರಿ.

ಸಮಿತಿ ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. ಅಳತೆ ಕಡಿಮೆ ಮಾಡಿ ಮತ್ತೆ ಅರ್ಜಿ ಹಾಕುವುದು ಕೋರ್ಟಿನ ಮೆಟ್ಟಿಲಿಗಿಂತ ಅಗ್ಗ. ನಿಮ್ಮದು ಸಹಕಾರ ಸಂಘವಾಗಿದ್ದರೆ 1959ರ ಸಹಕಾರ ಸಂಘಗಳ ಅಧಿನಿಯಮದ 70ನೇ ಕಲಮಿನಡಿ ವ್ಯಾಜ್ಯ ಹೂಡಲು ಅವಕಾಶವಿದೆ. ಯಾವುದೇ ಆದರೂ ಜನವರಿಯಲ್ಲೇ ಅರ್ಜಿ ಕೊಟ್ಟರೆ ಮಳೆಗಾಲದೊಳಗೆ ಎರಡನೆಯ ಪ್ರಯತ್ನಕ್ಕೂ ಸಮಯವಿರುತ್ತದೆ.

ಕೆಲಸ ಮುಗಿದ ದಿನವೇ ಪೂರ್ತಿ ಹಣ ಎಣಿಸಿ ಕೊಡಬೇಡಿ. ಒಂದಿಷ್ಟು ಬಾಕಿ ಉಳಿಸಿಕೊಳ್ಳುವುದಾಗಿ ಪತ್ರಾಸ್ ಕೂರಿಸುವವರಿಗೆ ಮೊದಲೇ ಹೇಳಿರಿ. ಮೊದಲ ಜೋರು ಮಳೆ ಬಂದಾಗ ಕೆಳಗಿನ ಮನೆಗೆ ಇಳಿದು, ಅವರ ಕಿಟಕಿಯ ಬಳಿ ಹತ್ತು ನಿಮಿಷ ನಿಂತು ನೋಡಿ. ಹನಿ ಬೀಳದಿದ್ದರೆ ಬಾಕಿ ತೀರಿಸಿ.