ಚಳಿ ಜಾಸ್ತಿ ಇದ್ದಷ್ಟೂ ಈಗಲ್ ಜಾಸ್ತಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್‌ನಿಂದ ಸುಮಾರು 40 ಕಿಲೋಮೀಟರ್ ದೂರಕ್ಕೆ ಪ್ರೇರಿ ಡು ಸ್ಯಾಕ್, ಸಾಕ್ ಸಿಟಿ ಎಂಬ ಎರಡು ಪುಟ್ಟ ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಸುತ್ತ ಮೆಕ್ಕೆಜೋಳದ ಹೊಲಗಳು, ದನದ ಕೊಟ್ಟಿಗೆಗಳು, ಪಕ್ಕದಲ್ಲೇ ವಿಸ್ಕಾನ್ಸಿನ್ ನದಿ. ಬಾಲ್ಡ್ ಈಗಲ್ ಎಂಬ ಬಿಳಿ ತಲೆಯ ಹದ್ದನ್ನು ನೋಡಬೇಕು ಅನ್ನುವ ಸ್ನೇಹಿತರಿಗೆಲ್ಲ ನಾನು ಜನವರಿಯಲ್ಲೇ ಇಲ್ಲಿಗೆ ಬರಲು ಹೇಳುತ್ತೇನೆ. ಅಷ್ಟು ಚಳಿಯಲ್ಲಾ ಅಂತ ಹಿಂಜರಿಯುತ್ತಾರೆ. ಚಳಿಯೇ ಇಲ್ಲಿ ನಮಗೆ ಸಹಾಯ ಮಾಡುವುದು.

ಈ ಹದ್ದಿಗೆ ಮುಖ್ಯ ಆಹಾರ ಮೀನು. ಉತ್ತರದ ಕೆರೆ, ಹೊಳೆಗಳೆಲ್ಲ ಹೆಪ್ಪುಗಟ್ಟಿದರೆ ಮೀನು ಸಿಗುವುದಿಲ್ಲ. ಪ್ರೇರಿ ಡು ಸ್ಯಾಕ್‌ನಲ್ಲಿ ಜಲವಿದ್ಯುತ್ ಅಣೆಕಟ್ಟು ಇದೆ. ಅದರ ಕೆಳಗೆ ನೀರು ಸದಾ ಹರಿಯುತ್ತಿರುವುದರಿಂದ ಅಷ್ಟು ಜಾಗ ಹೆಪ್ಪುಗಟ್ಟುವುದಿಲ್ಲ. ಟರ್ಬೈನ್ ದಾಟಿ ಬರುವಾಗ ಪೆಟ್ಟು ತಿಂದ ಮೀನುಗಳು ಮೇಲೆ ತೇಲುತ್ತವೆ. ಹೀಗಾಗಿ ಮನೆಯಿಂದ ಹೊರಡುವ ಮುಂಚೆ ನಾನು ನೋಡುವುದು ಹವಾಮಾನವನ್ನು. ಬೆಚ್ಚಗಿನ ವಾರದಲ್ಲಿ ನದಿಯೆಲ್ಲ ತೆರೆದಿರುತ್ತದೆ, ಹಕ್ಕಿಗಳು ಮೈಲುಗಟ್ಟಲೆ ಚದುರಿಹೋಗಿರುತ್ತವೆ. ನಾಲ್ಕೈದು ರಾತ್ರಿ ಸತತವಾಗಿ ಮೈನಸ್ 15 ಡಿಗ್ರಿಗೆ ಇಳಿಯಿತು ಅಂದರೆ ಎಲ್ಲವೂ ಆ ಒಂದಿಷ್ಟು ನೀರಿನ ಹತ್ತಿರ ಬಂದು ಸೇರುತ್ತವೆ.

ಬೆಳಕು ಹರಿಯುವ ಹೊತ್ತಿಗೆ ನದಿ ದಂಡೆಯಲ್ಲಿರಬೇಕು. ರಾತ್ರಿ ತಂಗಿದ ಮರಗಳಿಂದ ಹೊರಟು ಆಗಲೇ ಮೀನಿಗೆ ಬರುತ್ತವೆ. ಆಕಾಶ ನೋಡುತ್ತಾ ಕೂರಬೇಡಿ, ದಡದ ಬೋಳು ಮರಗಳ ಮೇಲಿನ ಕೊಂಬೆಗಳನ್ನು ಒಂದೊಂದಾಗಿ ನೋಡಿ. ಯಾರೋ ಸುಣ್ಣದ ಬೊಟ್ಟು ಇಟ್ಟ ಹಾಗೆ ಬಿಳಿ ತಲೆ ಕಾಣುತ್ತದೆ. 8x42, ಅಂದರೆ 8 ಪಟ್ಟು ಹತ್ತಿರ ತೋರಿಸುವ ಬೈನಾಕ್ಯುಲರ್ ಧಾರಾಳ ಸಾಕು.

ಕಾರಿನಿಂದ ಇಳಿಯುವುದು ಬೇಡ. ನಿಂತ ಕಾರಿಗೆ ಹಕ್ಕಿ ಅಷ್ಟಾಗಿ ಬೆದರುವುದಿಲ್ಲ, ಬಾಗಿಲು ತೆರೆದು ಮನುಷ್ಯ ಹೊರಬಂದರೆ ಹಾರುತ್ತದೆ. ಕೊರೆಯುವ ಚಳಿಯಲ್ಲಿ ಸುಮ್ನೆ ಒಂದು ಸಲ ಹಾರಿಸಿದರೂ ಅದು ಉಳಿಸಿಕೊಂಡ ಶಕ್ತಿ ಖರ್ಚಾಗುತ್ತದೆ, ಎಷ್ಟೋ ಸಲ ಕಾಲಲ್ಲಿದ್ದ ಮೀನೂ ಹೋಗುತ್ತದೆ. ಫೋಟೋಗಾಗಿ ಹತ್ತಿರ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇನ್ನೊಂದು ವಿಷಯ: ಹೀಟರ್ ಆರಿಸಿ ಕಿಟಕಿ ಇಳಿಸಿ. ಒಳಗಿನ ಬಿಸಿಗಾಳಿ ಕಿಟಕಿಯಿಂದ ಹೊರಗೆ ಹೋಗುವಾಗ ಬೈನಾಕ್ಯುಲರ್‌ನಲ್ಲಿ ಎಲ್ಲವೂ ಅಲುಗಾಡಿದಂತೆ ಕಾಣುತ್ತದೆ. ಕೈ ಮರಗಟ್ಟುತ್ತದೆ, ದಪ್ಪ ಗ್ಲೌಸ್ ಇರಲಿ.

ನಮ್ಮೂರಿನ ಗರುಡನನ್ನು ನೋಡಿ ಬೆಳೆದವರಿಗೆ ಬಿಳಿ ತಲೆ, ಕಂದು ಮೈ ಗುರುತು ಹಿಡಿಯುವುದು ಕಷ್ಟವಲ್ಲ. ಗರುಡನ ಬಿಳುಪು ಎದೆಯವರೆಗೂ ಇಳಿಯುತ್ತದೆ. ಇದಕ್ಕೆ ತಲೆ, ಕತ್ತು, ಬಾಲ ಮಾತ್ರ ಬಿಳಿ, ರೆಕ್ಕೆ ಬಿಚ್ಚಿದರೆ ಹತ್ತಿರ ಹತ್ತಿರ 2 ಮೀಟರ್. ಕಷ್ಟ ಇರುವುದು ಮರಿಗಳಲ್ಲಿ. ಸುಮಾರು 5 ವರ್ಷ ತುಂಬುವವರೆಗೆ ಅವು ಕಂದು, ಅಲ್ಲಲ್ಲಿ ಕೊಳೆಯಾದ ಬಿಳಿ ಮಚ್ಚೆ. ಗೋಲ್ಡನ್ ಈಗಲ್ ಎಂಬ ಇನ್ನೊಂದು ಜಾತಿಯ ಕಂದು ಹದ್ದು ಅಂತ ಮೋಸಹೋಗುವುದು ಇಲ್ಲೇ. ತಲೆಯ ಮೇಲೆ ಹಾರುವಾಗ ರೆಕ್ಕೆಯ ಅಡಿ ನೋಡಿ. ಕಂಕುಳಲ್ಲಿ ಬಿಳಿ ಇದ್ದರೆ ಅದು ಬಾಲ್ಡ್ ಈಗಲ್ ಮರಿ.

ಒಮ್ಮೆ ಮಂಜುಗಡ್ಡೆಯ ಅಂಚಿನಲ್ಲಿ ದೊಡ್ಡ ಹಕ್ಕಿಯೊಂದು ಮೀನನ್ನು ಒಂದು ಕಾಲಲ್ಲಿ ಅದುಮಿಕೊಂಡು ಎಳೆದೆಳೆದು ತಿನ್ನುತ್ತಿತ್ತು. ಹಳದಿ ಕೊಕ್ಕಿನ ತುದಿಯಲ್ಲಿ ರಕ್ತ ಆಗಲೇ ಗಟ್ಟಿಯಾಗಿತ್ತು. ಎರಡು ಕಾಗೆಗಳು ಸರದಿಯಂತೆ ಬಾಲ ಎಳೆಯುತ್ತಿದ್ದವು. ಅದು ತಿರುಗಿದಾಗ ಮರಿಯೊಂದು ಎಲ್ಲಿಂದಲೋ ನುಗ್ಗಿ ಮೀನನ್ನೇ ಎತ್ತಿಕೊಂಡು ಹೋಯಿತು. ಬೇಟೆಯಾಡುವುದಕ್ಕಿಂತ ಕಸಿದುಕೊಳ್ಳುವುದು ಸುಲಭ, ಅಲ್ವಾ? ಇಲ್ಲಿ ಅದು ದಿನವೂ ನಡೆಯುತ್ತದೆ.

ಪಕ್ಕದ ಮನೆಯ ಅಜ್ಜಿ ಇಲ್ಲೇ ಹಸು ಸಾಕಿಕೊಂಡು ಬಾಳಿದವರು. ಅವರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಈಗಲ್ ಕಂಡರೆ ಊರಿಗೇ ಸುದ್ದಿಯಂತೆ. 1963ರಲ್ಲಿ ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಉಳಿದಿದ್ದದ್ದು 417 ಜೋಡಿ ಅಷ್ಟೇ. ಡಿಡಿಟಿ ಎಂಬ ಕೀಟನಾಶಕ ಮೀನಿನ ಮೂಲಕ ಹೊಟ್ಟೆ ಸೇರಿ ಮೊಟ್ಟೆಯ ಚಿಪ್ಪು ತೆಳುವಾಗುತ್ತಿತ್ತು, ಕಾವು ಕೊಡಲು ಕೂತರೆ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಷೇಧವಾಯಿತು. 2007ರಲ್ಲಿ ಈ ಹಕ್ಕಿಯನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆದರು. ಅದೇ 48 ರಾಜ್ಯಗಳಲ್ಲಿ 71 ಸಾವಿರಕ್ಕೂ ಹೆಚ್ಚು ಜೋಡಿ ಗೂಡು ಕಟ್ಟುತ್ತಿವೆ ಎಂದು 2021ರಲ್ಲಿ ಸರ್ಕಾರ ಅಂದಾಜು ಮಾಡಿತು.

ಈಗಿನ ತೊಂದರೆ ಸೀಸ ಎಂಬ ವಿಷಲೋಹ. ನವೆಂಬರ್‌ನಲ್ಲಿ ಜಿಂಕೆ ಬೇಟೆಯಾದ ಮೇಲೆ ಕರುಳನ್ನು ಕಾಡಲ್ಲೇ ಬಿಡುತ್ತಾರೆ. ಗುಂಡಿನ ಸೀಸದ ಚೂರು ಅದರಲ್ಲಿರುತ್ತದೆ, ಈಗಲ್ ಅದನ್ನು ತಿನ್ನುತ್ತದೆ. 38 ರಾಜ್ಯಗಳ ಹಕ್ಕಿಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟರ ಮೈಯಲ್ಲಿ ಬಹುಕಾಲದಿಂದ ಸೀಸ ಸೇರಿತ್ತು. ತಾಮ್ರದ ಗುಂಡು ಬಳಸಿದರೆ ಈ ತೊಂದರೆ ಇಲ್ಲ. ಅಜ್ಜಿಯ ಮೊಮ್ಮಗ ಬೇಟೆಗಾರ, ಅವನ ಜೊತೆ ಕೂತು ಇದನ್ನೆಲ್ಲ ಮಾತಾಡಿದೆ. ಅವನು ತಾಮ್ರದ್ದಕ್ಕೆ ಬದಲಾಯಿಸಿದ್ದಾನೆ. ಅವನ ಗೆಳೆಯರು ಬೆಲೆ ಜಾಸ್ತಿ ಅನ್ನುತ್ತಿದ್ದಾರೆ, ಮುಂದಿನ ಬೇಟೆ ಕಾಲಕ್ಕೆ ಮುಂಚೆ ಅವರ ಹತ್ತಿರವೂ ಮಾತಾಡುವುದಿದೆ.